ದೋಷಗಳ ಹೆಸರು ಮತ್ತು ನಮ್ಮ ಬಳಕೆ
(ಪ್ರಮಾದ, ಅತಿಚಾರ, ಉಪಗೂಹನ: ಒಂದು ವಿಮರ್ಶೆ)

ಜೈನಾಚಾರ್ಯರು ದೋಷಗಳಿಗೆ ಹೆಸರಿಡುವುದರಲ್ಲಿ ತೋರಿದ ಸೂಕ್ಷ್ಮತೆ ಅಸಾಧಾರಣವಾದುದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವೊಂದನ್ನೇ ತೆಗೆದುಕೊಂಡರೂ ಶ್ರಾವಕನ 12 ವ್ರತಗಳಿಗೆ ತಲಾ 5ರಂತೆ 60, ಸಮ್ಯಗ್ದರ್ಶನಕ್ಕೆ 5, ಸಲ್ಲೇಖನೆಗೆ 5, ಹೀಗೆ ಒಟ್ಟು 70 ಅತಿಚಾರಗಳು ಹೆಸರು ಹೆಸರಾಗಿ ಎಣಿಸಲ್ಪಟ್ಟಿವೆ. ಗೃಹಸ್ಥನಿಂದ ಆಗುವ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ವ್ರತದಿಂದ ಜಾರುವ ಕ್ರಮಕ್ಕೂ ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂಬ ನಾಲ್ಕು ಮೆಟ್ಟಿಲುಗಳನ್ನು ಹೇಳಲಾಗಿದೆ. ಅಷ್ಟೇಕೆ, ಗುರುಗಳ ಮುಂದೆ ದೋಷವನ್ನು ನಿವೇದಿಸಿಕೊಳ್ಳುವ ಆಲೋಚನೆಯಲ್ಲಿಯೂ ನುಸುಳಬಹುದಾದ 10 ದೋಷಗಳನ್ನು ಪಟ್ಟಿ ಮಾಡಿದ್ದಾರೆ.

ಇಷ್ಟೊಂದು ಹೆಸರುಗಳೇಕೆ ಎಂದು ಕೆಲವರು ಕೇಳುವುದುಂಟು. ಖಾತೆ-ಕಿರ್ದಿ ಬರೆದು ಬಲ್ಲವರಿಗೆ ಇದರ ಉತ್ತರ ಸುಲಭವಾಗಿ ಹೊಳೆಯುತ್ತದೆ. ಅಂಗಡಿಯ ಎಲ್ಲ ಖರ್ಚನ್ನೂ 'ಇತರೆ ಖರ್ಚು' ಎಂಬ ಒಂದೇ ತಲೆಬರಹದಡಿ ಬರೆದರೆ ಹಣ ಎಲ್ಲಿ ಸೋರುತ್ತಿದೆಯೆಂಬುದು ವರ್ಷಾಂತ್ಯಕ್ಕೂ ತಿಳಿಯುವುದಿಲ್ಲ. ಬಾಡಿಗೆ, ಹಮಾಲಿ, ಸಾಗಾಣಿಕೆ, ಬಡ್ಡಿ ಎಂದು ಬೇರೆ ಬೇರೆ ಬರೆದಾಗಲೇ ಸೋರಿಕೆಯ ಜಾಗ ಕಾಣುವುದು. ಆತ್ಮನ ಆಸ್ರವವೂ ಹಾಗೆಯೇ. ಹೆಸರಿಲ್ಲದ ದೋಷವನ್ನು ಕಂಡುಹಿಡಿಯುವುದು ಕಷ್ಟ. ಕಂಡುಹಿಡಿಯದ ದೋಷವನ್ನು ತಡೆಯುವುದಂತೂ ಅಸಾಧ್ಯ.

ಆದರೆ ಇಂದು ಈ ಪದಗಳ ಸ್ಥಿತಿ ಹೇಗಿದೆ? ಪದಗಳು ಉಳಿದಿವೆ, ಅವುಗಳ ಕೆಲಸ ಬದಲಾಗಿದೆ. ನಮ್ಮನ್ನು ನಾವು ಪರೀಕ್ಷಿಸಿಕೊಳ್ಳಲೆಂದು ಆಚಾರ್ಯರು ಕೊಟ್ಟ ಮಾತುಗಳನ್ನು ನಾವು ಪರೀಕ್ಷೆಯಿಂದ ತಪ್ಪಿಸಿಕೊಳ್ಳಲು ಬಳಸುತ್ತಿದ್ದೇವೆ. ಅಂಥ ಮೂರು ಪದಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪದಗಳ ಅರ್ಥ ಕಾಲಕ್ಕೆ ತಕ್ಕಂತೆ ಹೊರಳುವುದು ಭಾಷೆಯ ಸಹಜ ಧರ್ಮ; ಅದರ ಮೇಲೆ ಆಕ್ಷೇಪವಿಲ್ಲ. 'ಪಾಪ' ಎಂಬ ಶಬ್ದ ಕನ್ನಡದಲ್ಲಿ ಕನಿಕರದ ಉದ್ಗಾರವಾಗಿದೆ. ದುಃಖಿಯನ್ನು ಕಂಡು 'ಪಾಪ' ಎನ್ನುವ ನಾಲಿಗೆ ಕರುಣೆಯ ನಾಲಿಗೆಯೇ ಆದುದರಿಂದ ಅದರಿಂದ ಯಾರಿಗೂ ಹಾನಿಯಿಲ್ಲ. 'ದೋಷ' ಎಂದೊಡನೆ ಹಲವರಿಗೆ ಕುಜದೋಷವೋ ಸರ್ಪದೋಷವೋ ನೆನಪಾಗಿ, ಅದು ಮಾಡಿದ ತಪ್ಪಿನ ಹೆಸರಾಗುವ ಬದಲು ಬಂದೆರಗಿದ ಗ್ರಹಚಾರದ ಹೆಸರಾಗಿರುವುದು ವಿಷಾದಕರವಾದರೂ ಅದು ಬೇರೆಯೇ ಚರ್ಚೆ. ಇಲ್ಲಿ ವಿಚಾರಿಸಬೇಕಾದುದು, ಶಾಸ್ತ್ರದ ಪದವನ್ನು ಶಾಸ್ತ್ರದ ಗೌರವಸಹಿತ ಉಚ್ಚರಿಸುತ್ತಲೇ ಅದರ ಅರ್ಥವನ್ನು ತಲೆಕೆಳಗು ಮಾಡುವ ಪ್ರವೃತ್ತಿಯನ್ನು.

ಹೆಸರು ಬದಲಿಸಿದರೆ ಕೃತ್ಯ ಬದಲಾಗುವುದಿಲ್ಲವೆಂಬುದನ್ನು ಕನ್ನಡಿಗರಿಗೆ ಜನ್ನನಷ್ಟು ಮನಮುಟ್ಟುವಂತೆ ತಿಳಿಸಿದವರು ವಿರಳ. 1209ರಲ್ಲಿ ರಚಿತವಾದ ಅವನ ಯಶೋಧರ ಚರಿತೆಯಲ್ಲಿ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಅರಸನು ಜೀವಂತ ಪ್ರಾಣಿಯ ಬಲಿಗೆ ಒಪ್ಪದೆ ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕೈ ಕತ್ತರಿಸಿದ್ದು ಹಿಟ್ಟನ್ನು, ಮನಸ್ಸು ಕತ್ತರಿಸಿದ್ದು ಕೋಳಿಯನ್ನು. ಆ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ತಿರ್ಯಂಚ ಯೋನಿಗಳಲ್ಲಿ ಅಲೆಯುತ್ತಾರೆ. 'ಇದು ಹಿಟ್ಟು ಮಾತ್ರ' ಎಂಬ ಸಮಾಧಾನ ಅವರನ್ನು ಕಾಯಲಿಲ್ಲ. ಮುಂದಿನ ವಿಚಾರವನ್ನು ಓದುವಾಗ ವಾಚಕರು ಈ ಹಿಟ್ಟಿನ ಕೋಳಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿ.

ಪ್ರಮಾದ

ಇಂದಿನ ಕನ್ನಡದಲ್ಲಿ ಪ್ರಮಾದವೆಂದರೆ ಅರಿಯದೆ ಆದ ತಪ್ಪು. ಆಮಂತ್ರಣ ಪತ್ರಿಕೆಯಲ್ಲಿ ಹಿರಿಯರ ಹೆಸರು ಬಿಟ್ಟುಹೋದರೆ 'ಪ್ರಮಾದವಶಾತ್ ಬಿಟ್ಟುಹೋಗಿದೆ, ಮನ್ನಿಸಬೇಕು' ಎನ್ನುತ್ತೇವೆ. ಆ ಮಾತಿನ ಧ್ವನಿಯೇನೆಂದರೆ, ನಮ್ಮಲ್ಲಿ ದುರುದ್ದೇಶವಿರಲಿಲ್ಲ, ಆದ್ದರಿಂದ ಇದು ನಿಜವಾದ ದೋಷವೇ ಅಲ್ಲ ಎಂದು. ಅಂದರೆ ಪ್ರಮಾದವೆಂಬುದು ಕ್ಷಮೆಗೆ ಕಾರಣವಾಗುವ ಪದವಾಗಿದೆ.

ಸೂತ್ರಕಾರರು ಹೇಳುವುದು ಇದಕ್ಕೆ ತದ್ವಿರುದ್ಧ. ಅವರು ಹಿಂಸೆಯನ್ನು ಲಕ್ಷಣೀಕರಿಸುವಾಗ ಪ್ರಾಣಹರಣವೆಂದಷ್ಟೇ ಹೇಳಿ ಬಿಡದೆ, ಪ್ರಮತ್ತಯೋಗದಿಂದ ಆದ ಪ್ರಾಣಹರಣವೆನ್ನುತ್ತಾರೆ. ಈ ಪ್ರಮತ್ತಯೋಗವು ಮುಂದಿನ ಅಸತ್ಯ, ಸ್ತೇಯ ಮೊದಲಾದವುಗಳ ಲಕ್ಷಣಕ್ಕೂ ಅನ್ವಯಿಸುತ್ತದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವ್ಯಾಖ್ಯಾನಿಸಿದ್ದಾರೆ. ಹಾಗಾದರೆ ಕೃತ್ಯವನ್ನು ಪಾಪವಾಗಿಸುವುದೇ ಪ್ರಮಾದ. ಈರ್ಯಾಸಮಿತಿಯಿಂದ ನೋಡಿ ನೋಡಿ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಅಕಸ್ಮಾತ್ತಾಗಿ ಕೀಟವೊಂದು ಬಂದು ಸತ್ತರೆ ಅವರಿಗೆ ಬಂಧವಿಲ್ಲ. ಅಜಾಗರೂಕತೆಯಿಂದ ನಡೆಯುವವನ ಕಾಲಡಿಗೆ ಒಂದು ಜೀವವೂ ಸಿಕ್ಕದಿದ್ದರೂ ಅವನು ಹಿಂಸಕನೇ. ಕುಂದಕುಂದಾಚಾರ್ಯರ ಪ್ರವಚನಸಾರದ ಅಭಿಪ್ರಾಯವೂ ಇದೇ. ರಾಷ್ಟ್ರಕೂಟರ ಕಾಲದಲ್ಲಿ, 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳು ಬೆಸ್ತನನ್ನೂ ರೈತನನ್ನೂ ಹೋಲಿಸಿ ಇದನ್ನೇ ತಿಳಿಸುತ್ತಾರೆ. ಬಲೆ ಬೀಸಿ ಕುಳಿತವನಿಗೆ ಆ ದಿನ ಮೀನೊಂದೂ ಸಿಗದಿರಬಹುದು. ಉಳುವವನ ನೇಗಿಲಿಗೆ ಅನೇಕ ಜೀವಿಗಳು ಸಿಕ್ಕಿರಬಹುದು. ಆದರೂ ಭಾವಭೇದದಿಂದ ಪಾಪದ ಲೆಕ್ಕ ಬೇರೆಯಾಗುತ್ತದೆ.

ಪ್ರಮಾದಕ್ಕೆ ಗೊಮ್ಮಟಸಾರದಲ್ಲಿ 15 ಭೇದಗಳು: ವಿಕಥೆ 4, ಕಷಾಯ 4, ಇಂದ್ರಿಯ 5, ನಿದ್ರೆ ಮತ್ತು ಪ್ರಣಯ ಒಂದೊಂದು. ಈ ಪಟ್ಟಿಯನ್ನು ಗಮನಿಸಿದರೆ ಪ್ರಮಾದವೆಂಬುದು ಆಕಸ್ಮಿಕದ ಹೆಸರಲ್ಲವೆಂಬುದು ಸ್ಪಷ್ಟ. ಲೋಭವೂ ಪ್ರಮಾದ, ಹರಟೆಯೂ ಪ್ರಮಾದ. ಗೋದಾಮಿನ ಹಳೆಯ ತಂತಿಯನ್ನು ಬದಲಿಸಬೇಕೆಂದು ಮೂರು ಸಲ ಹೇಳಿಸಿಕೊಂಡೂ ಖರ್ಚಿಗೆ ಹಿಂಜರಿದ ಮಾಲೀಕನು, ಹಮಾಲನೊಬ್ಬನಿಗೆ ವಿದ್ಯುತ್ ತಗುಲಿದಾಗ 'ಪ್ರಮಾದವಾಯಿತು' ಎಂದರೆ ಆ ಪದವನ್ನು ಅವನು ಸರಿಯಾಗಿಯೇ ಬಳಸಿದಂತಾಯಿತು, ಆದರೆ ತನಗೆ ತಿಳಿಯದೆ. ಅವನು ಕ್ಷಮೆಗೆ ಕಾರಣ ಹೇಳುತ್ತಿದ್ದೇನೆಂದು ಭಾವಿಸಿದ್ದಾನೆ. ಶಾಸ್ತ್ರದ ಪ್ರಕಾರ ಅವನು ತಪ್ಪೊಪ್ಪಿಗೆ ಕೊಟ್ಟಿದ್ದಾನೆ. ಲೌಕಿಕ ಕಾನೂನು ಕೂಡ ನಿರ್ಲಕ್ಷ್ಯವನ್ನು ನೆಪವಾಗಿ ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನನ್ನು ಅಪರಾಧಿಯೆಂದೇ ಕರೆಯುತ್ತದೆ. ನ್ಯಾಯಾಲಯಕ್ಕಿಂತ ನಮ್ಮ ಅಹಿಂಸೆಯ ಅಳತೆ ಸಡಿಲವಾಗಬಾರದಷ್ಟೆ.

ಅತಿಚಾರ

ಎರಡನೆಯ ಪದ ಅತಿಚಾರ. ವ್ರತಕ್ಕೆ ಆಂಶಿಕ ಭಂಗ ಬಂದರೆ ಅತಿಚಾರ, ಪೂರ್ಣ ಭಂಗ ಬಂದರೆ ಅನಾಚಾರ ಎಂದು ಪಾಠಶಾಲೆಯಲ್ಲಿ ಕಲಿಯುತ್ತೇವೆ. ಇದರಿಂದ ಅತಿಚಾರವೆಂದರೆ ಸಣ್ಣದು, ನಡೆಯುತ್ತದೆ, ಪ್ರತಿಕ್ರಮಣದಲ್ಲಿ ಕಳೆದುಹೋಗುತ್ತದೆ ಎಂಬ ಭಾವನೆ ಬೇರೂರಿದೆ.

ಅಚೌರ್ಯಾಣುವ್ರತದ 5 ಅತಿಚಾರಗಳನ್ನು ನೋಡೋಣ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕ ವ್ಯವಹಾರ. ಕಳ್ಳನನ್ನು ಪ್ರೇರೇಪಿಸುವುದು, ಕದ್ದು ತಂದ ಮಾಲನ್ನು ಕೊಳ್ಳುವುದು, ಕೊಡುವಾಗ ಕಡಿಮೆ ತೂಗಿ ಕೊಳ್ಳುವಾಗ ಹೆಚ್ಚು ತೂಗುವುದು, ಅಸಲಿನ ಜಾಗದಲ್ಲಿ ನಕಲಿಯನ್ನು ಮಾರುವುದು ಇವೆಲ್ಲ ಈ ಪಟ್ಟಿಯಲ್ಲಿವೆ. ಇವು ಸಣ್ಣ ತಪ್ಪುಗಳೇ? ಸುಳ್ಳು ತೂಕ ಕಳ್ಳತನವೇ ಅಲ್ಲವೇ? ಹಾಗಿದ್ದರೂ ಅದನ್ನು ಭಂಗವೆನ್ನದೆ ಅತಿಚಾರವೆಂದದ್ದೇಕೆ?

ಈ ಪ್ರಶ್ನೆಯನ್ನು ಶ್ರಾವಕಾಚಾರದ ವ್ಯಾಖ್ಯಾನಕಾರರೇ ಎತ್ತಿ ಉತ್ತರಿಸಿದ್ದಾರೆ. ಅವರ ಸಮಾಧಾನ ಬಹಳ ಮಾರ್ಮಿಕವಾದುದು. ಹೀಗೆ ಮಾಡುವ ವರ್ತಕನು 'ಗೋಡೆಗೆ ಕನ್ನ ಕೊರೆಯುವುದಷ್ಟೇ ಕಳ್ಳತನ. ನಾನು ಮಾಡಿದ್ದು ವ್ಯಾಪಾರದ ಕೌಶಲ' ಎಂದು ಭಾವಿಸಿರುತ್ತಾನೆ. ವ್ರತವನ್ನು ಮುರಿಯಬೇಕೆಂಬ ಬುದ್ಧಿ ಅವನಿಗಿಲ್ಲ. ವ್ರತದ ಮೇಲೆ ಅವನಿಗೆ ಇನ್ನೂ ಆದರವಿದೆ. ಆ ಆದರ ಉಳಿದಿರುವಷ್ಟರ ಮಟ್ಟಿಗೆ ಅದು ಅತಿಚಾರ. ಅಂದರೆ ಈ ಹಗುರವಾದ ಹೆಸರು ಬಂದದ್ದು ಕೃತ್ಯ ಹಗುರವಾದುದರಿಂದಲ್ಲ, ಮಾಡಿದವನು ಭ್ರಮೆಯಲ್ಲಿದ್ದುದರಿಂದ. ಶತಮಾನಗಳ ಹಿಂದೆಯೇ ನಮ್ಮ ನೆಪವನ್ನು ಅವರು ಅಕ್ಷರಶಃ ಬರೆದಿಟ್ಟಿದ್ದಾರೆ!

ಇದರಿಂದ ಬರುವ ತೀರ್ಮಾನ ಮುಖ್ಯವಾದುದು. ಈ ಪಟ್ಟಿಯನ್ನು ಓದಿದವನಿಗೆ, ಪರ್ಯೂಷಣದ ದಿನಗಳಲ್ಲಿ ಅದರ ಪ್ರವಚನ ಕೇಳಿದವನಿಗೆ ಆ ಭ್ರಮೆಯ ರಿಯಾಯಿತಿ ಇನ್ನಿಲ್ಲ. ಸುಳ್ಳು ತೂಕ ಚೌರ್ಯದ ಜಾತಿಗೆ ಸೇರಿದ್ದೆಂದು ತಿಳಿದ ಮೇಲೆಯೂ ತಕ್ಕಡಿಯನ್ನು ಸರಿಪಡಿಸದಿದ್ದರೆ ಅದು ಅನಾಚಾರವೇ ಆಗುತ್ತದೆ. ಕರ್ಮಬಂಧದ ತಾರತಮ್ಯಕ್ಕೆ ಜ್ಞಾತಭಾವ, ಅಜ್ಞಾತಭಾವಗಳೂ ಕಾರಣವೆಂದು ಸೂತ್ರಕಾರರು ಆರನೆಯ ಅಧ್ಯಾಯದಲ್ಲಿ ಹೇಳಿರುವುದನ್ನು ಇದರೊಂದಿಗೆ ಕೂಡಿಸಿ ಓದಬೇಕು.

ಈಗ ಮಾರುಕಟ್ಟೆಯ ಮಾತಿಗೆ ಬರೋಣ. ಅಧಿಕೃತ ಪಟ್ಟಿ ಕೊಡದೆ ರೈತನಿಗೆ ಬರೆದುಕೊಡುವ ಕಾಗದಕ್ಕೆ 'ಬಿಳಿ ಚೀಟಿ' ಎಂದು ಹೆಸರು. ಪುಸ್ತಕದಲ್ಲಿ ಬೇರೆ ಮೊತ್ತ ಬರೆದಾಗ ಅದರ ಶಾಸ್ತ್ರೀಯ ನಾಮ ಕೂಟಲೇಖಕ್ರಿಯೆ, ಸತ್ಯಾಣುವ್ರತದ ಅತಿಚಾರ. ಚೀಲದ ತೂಕ, ತೇವ, ಕಸಗಳ ಹೆಸರಿನಲ್ಲಿ ಇರುವುದಕ್ಕಿಂತ ಹೆಚ್ಚು ಕಳೆಯುವುದಕ್ಕೆ 'ಸೂಟು' ಎನ್ನುತ್ತಾರೆ, ಅದು ಹೀನಾಧಿಕಮಾನೋನ್ಮಾನ. ಮೆಣಸಿನ ಕಾಳಿಗೆ ಪರಂಗಿ ಬೀಜ, ತುಪ್ಪಕ್ಕೆ ವನಸ್ಪತಿ ಬೆರೆಸುವುದು 'ಮಿಕ್ಸಿಂಗ್'. ಅದು ಪ್ರತಿರೂಪಕ ವ್ಯವಹಾರ. ಲಂಚಕ್ಕೆ 'ಮಾಮೂಲು' ಎನ್ನುವಲ್ಲಿ ಅದು ಪ್ರತಿದಿನದ ಸಹಜ ಸಂಗತಿಯೆಂಬ ಅರ್ಥವೇ ಅಡಗಿದೆ. ಬಿಳಿ, ಮಾಮೂಲು ಮುಂತಾದ ಈ ಶಬ್ದಗಳಲ್ಲಿ ಒಂದಾದರೂ ಆಡುವವನ ಮನಸ್ಸನ್ನು ಚುಚ್ಚುವಂತಿಲ್ಲ. ಹಿಟ್ಟಿನ ಕೋಳಿಗಳು ಇವೇ. ಮಾರುಕಟ್ಟೆಯಲ್ಲಿ ಪ್ರಾಮಾಣಿಕರಾದ ಎಷ್ಟೋ ಮಂದಿ ವರ್ತಕರಿದ್ದಾರೆ. ಇಂಥ ಭಾಷೆ ಅವರನ್ನೇ ಅವ್ಯವಹಾರಿಗಳೆಂದು ತೋರಿಸುತ್ತದೆಂಬುದು ಇನ್ನೊಂದು ಅನಿಷ್ಟ.

ಬಸದಿಗಳ ಆಡಳಿತ ನೋಡುವವರು ವಿಶೇಷವಾಗಿ ಮನನ ಮಾಡಬೇಕಾದ ಅತಿಚಾರ ಇನ್ನೊಂದಿದೆ: ನ್ಯಾಸಾಪಹಾರ. ನ್ಯಾಸವೆಂದರೆ ನಂಬಿ ಇಟ್ಟ ಒತ್ತೆ. ಅದರ ಅಪಹಾರವನ್ನು ಚೌರ್ಯದಲ್ಲಿ ಸೇರಿಸದೆ ಅಸತ್ಯದಲ್ಲಿ ಸೇರಿಸಿರುವುದು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಪೂಜ್ಯಪಾದರ ವಿವರಣೆಯಿಂದ ಅದು ತಿಳಿಯಾಗುತ್ತದೆ. ಚಿನ್ನ ಮುಂತಾದುದನ್ನು ಇಟ್ಟವನು ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು 'ಹೌದು, ಅಷ್ಟೇ' ಎನ್ನುತ್ತಾನೆ. ಆ 'ಹೌದು' ಎಂಬುದೇ ನ್ಯಾಸಾಪಹಾರ. ಇಲ್ಲಿ ಕೈ ಏನನ್ನೂ ಎತ್ತಿಕೊಂಡಿಲ್ಲ, ಪೆಟ್ಟಿಗೆಯ ಬೀಗ ಮುರಿದಿಲ್ಲ. ಎದುರಿಗಿರುವವನ ಮರೆವಿಗೆ ಸಮ್ಮತಿ ಕೊಟ್ಟದ್ದಷ್ಟೇ ದೋಷ.

ನಮ್ಮ ಬಸದಿಗಳಲ್ಲಿ ಶಾಶ್ವತ ಪೂಜೆಗೆಂದು, ಅಭಿಷೇಕಕ್ಕೆಂದು, ಆಹಾರದಾನಕ್ಕೆಂದು ಹಿಂದಿನವರು ಬಿಟ್ಟ ದತ್ತಿಗಳಿವೆ. ಕೊಟ್ಟವರು ತೀರಿಕೊಂಡಿದ್ದಾರೆ, ಮಕ್ಕಳು ಬೇರೆ ಊರುಗಳಲ್ಲಿ, ಮೊಮ್ಮಕ್ಕಳು ಬೇರೆ ದೇಶಗಳಲ್ಲಿ ನೆಲೆಸಿದ್ದಾರೆ. ಅಜ್ಜ ಏನು ಕೊಟ್ಟಿದ್ದರು, ಯಾವ ತಿಥಿಯ ಪೂಜೆಗೆ ಕೊಟ್ಟಿದ್ದರು ಎಂಬುದು ಅವರಿಗೆ ಗೊತ್ತಿಲ್ಲ. ಆಡಳಿತದವರ ಹಳೆಯ ಪುಸ್ತಕದಲ್ಲಿ ಅದೆಲ್ಲ ಇದೆ. ಕೇಳುವವರಿಲ್ಲವೆಂದು ಆ ಪೂಜೆ ನಿಂತು, ಆ ಹಣ ಸಾಮಾನ್ಯ ನಿಧಿಯಲ್ಲಿ ಸೇರಿ, ಕೊನೆಗೆ ಮಹಾದ್ವಾರದ ಬಣ್ಣಕ್ಕೋ ಸಭಾಭವನದ ಕುರ್ಚಿಗಳಿಗೋ ವಿನಿಯೋಗವಾದರೆ ಅದನ್ನು 'ಹೊಂದಾಣಿಕೆ' ಎನ್ನುತ್ತಾರೆ. ಯಾರೂ ಒಂದು ರೂಪಾಯಿಯನ್ನೂ ಮನೆಗೆ ಒಯ್ದಿಲ್ಲವೆಂಬುದು ನಿಜವಿರಬಹುದು. ಆದರೂ ಪೂಜ್ಯಪಾದರ ವಿವರಣೆಯ ಮುಂದೆ ಈ ಮೌನ ನಿಲ್ಲುವುದಿಲ್ಲ. ವಾರಸುದಾರರ ಮರೆವಿಗೆ 'ಹೌದು' ಎಂದದ್ದಕ್ಕೂ, ಅವರು ಕೇಳಲಾರರೆಂದು ಸುಮ್ಮನಿದ್ದುದಕ್ಕೂ ಅಂತರ ಎಷ್ಟು?

ಉಪಗೂಹನ

ಇಂಥ ಪ್ರಶ್ನೆಯನ್ನು ಸಮಾಜದ ಸಭೆಯಲ್ಲಿ ಯಾರಾದರೂ ಎತ್ತಿದರೆ ಕೂಡಲೇ ಕೇಳಿಬರುವ ಮಾತು ಉಪಗೂಹನ. 'ಸಮಾಜದ ಮಾನ ಹರಾಜಾಗಬಾರದು, ದೋಷವನ್ನು ಮುಚ್ಚುವುದು ಸಮ್ಯಗ್ದೃಷ್ಟಿಯ ಲಕ್ಷಣ' ಎಂದು ಹಿರಿಯರೇ ಬುದ್ಧಿ ಹೇಳುತ್ತಾರೆ. ಲೆಕ್ಕ ಕೇಳಿದವನು ನಿಂದಕನಾಗುತ್ತಾನೆ, ಲೆಕ್ಕ ಕೊಡದವನು ಉಪಗೂಹನಕ್ಕೆ ಪಾತ್ರನಾಗುತ್ತಾನೆ. ಮೂರು ಪದಗಳಲ್ಲಿ ಹೆಚ್ಚು ಅಪಾಯಕ್ಕೆ ಗುರಿಯಾಗಿರುವುದು ಇದೇ. ಏಕೆಂದರೆ ಹಿಂದಿನ ಎರಡು ದೋಷದ ಹೆಸರುಗಳು. ಇದು ಗುಣದ ಹೆಸರು. ಗುಣದ ಹೆಸರಿನಡಿ ದೋಷ ಅಡಗಿದರೆ ಅದನ್ನು ಹೊರಗೆಳೆಯುವುದು ದುಸ್ತರ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ 8 ಅಂಗಗಳನ್ನು ಹೇಳುವಾಗ ಉಪಗೂಹನವನ್ನು ಐದನೆಯದಾಗಿ ಹೇಳಿದ್ದಾರೆ. ಅವರ ಲಕ್ಷಣದಲ್ಲಿ ಎರಡು ಅಂಶಗಳಿವೆ. ಮೊದಲನೆಯದಾಗಿ, ಯಾರ ದೋಷವನ್ನು ಮುಚ್ಚಬೇಕು? ಅಜ್ಞಾನಿಗಳ ಮತ್ತು ಅಶಕ್ತರ ದೋಷವನ್ನು. ವ್ರತ ಹಿಡಿದು ಪಾಲಿಸಲಾಗದೆ ಜಾರಿದ ದುರ್ಬಲನನ್ನು, ತಿಳಿಯದೆ ತಪ್ಪಿದ ಬಾಲಬುದ್ಧಿಯವನನ್ನು ಬೀದಿಯಲ್ಲಿ ನಿಲ್ಲಿಸಿ ಹಂಗಿಸಬಾರದು. ಎರಡನೆಯದಾಗಿ, ಏತಕ್ಕೆ ಮುಚ್ಚಬೇಕು? ಸ್ವತಃ ಶುದ್ಧವಾದ ಮಾರ್ಗಕ್ಕೆ ಅಪವಾದ ತಟ್ಟದಿರಲೆಂದು. ಖಾತೆ ಪುಸ್ತಕ, ಸಹಿಯ ಅಧಿಕಾರ, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ಕೈಯಲ್ಲಿ ಹಿಡಿದ ಪದಾಧಿಕಾರಿ ಅಜ್ಞಾನಿಯೂ ಅಲ್ಲ, ಅಶಕ್ತನೂ ಅಲ್ಲ. ಅವನ ಅವ್ಯವಹಾರವನ್ನು ಮುಚ್ಚುವುದರಿಂದ ಮಾರ್ಗಕ್ಕೆ ಅಪವಾದ ತಪ್ಪುವುದಿಲ್ಲ. ಹತ್ತು ವರ್ಷದ ಮೇಲೆ ಬಯಲಾದಾಗ ಹತ್ತು ಪಟ್ಟಾಗಿ ತಟ್ಟುತ್ತದೆ.

ಉಪಗೂಹನಕ್ಕೆ ಉದಾಹರಣೆಯಾಗಿ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕ್ಷುಲ್ಲಕ ವೇಷದಲ್ಲಿ ಬಂದ ಕಳ್ಳನು ಚೈತ್ಯಾಲಯದ ಛತ್ರದ ರತ್ನವನ್ನು ಕದ್ದು ಓಡುವಾಗ ಸಿಕ್ಕಿಬೀಳುತ್ತಾನೆ. ಧರ್ಮಕ್ಕೆ ಅಪಕೀರ್ತಿ ಬಾರದಿರಲೆಂದು ಶ್ರೇಷ್ಠಿಯು 'ನಾನೇ ಅದನ್ನು ತರಹೇಳಿದ್ದೆ' ಎಂದು ಕಾವಲಿನವರಿಂದ ಅವನನ್ನು ಬಿಡಿಸುತ್ತಾನೆ. ನಮ್ಮವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ರತ್ನ ಹಿಂದಿರುಗಿ ಬಂದಿತು. ಶ್ರೇಷ್ಠಿ ಏಕಾಂತದಲ್ಲಿ ಅವನನ್ನು ಖಂಡಿಸಿದನು. ಅವನು ಆ ಸ್ಥಾನದಲ್ಲಿ ಮುಂದುವರಿಯಲಿಲ್ಲ, ಅವನನ್ನು ಕಳುಹಿಸಿಬಿಟ್ಟನು. ಈ ಮೂರನ್ನು ಬಿಟ್ಟು ಮುಚ್ಚುವುದೊಂದನ್ನೇ ಉಳಿಸಿಕೊಂಡರೆ ಅದು ಉಪಗೂಹನವಾಗದೆ ಸ್ತೇನಪ್ರಯೋಗಕ್ಕೆ ಸಮೀಪವಾಗುತ್ತದೆ. ಕಳ್ಳನಿಗೆ ಅನುಮೋದನೆ ನೀಡುವುದನ್ನೂ ಆ ಅತಿಚಾರದಲ್ಲಿಯೇ ಸೇರಿಸಿದ್ದಾರೆಂಬುದನ್ನು ಮರೆಯಬಾರದು.

ಐದನೆಯ ಅಂಗದ ಮರುಕ್ಷಣವೇ ಆಚಾರ್ಯರು ಆರನೆಯದಾಗಿ ಸ್ಥಿತೀಕರಣವನ್ನು ಹೇಳಿರುವುದು ಗಮನಾರ್ಹ. ಜಾರಿದವನನ್ನು ಮತ್ತೆ ದಾರಿಯಲ್ಲಿ ನಿಲ್ಲಿಸುವುದೇ ಸ್ಥಿತೀಕರಣ. ಮುಚ್ಚಿದ್ದರ ಉದ್ದೇಶ ನಿಲ್ಲಿಸುವುದು. ನಿಲ್ಲಿಸುವ ಪ್ರಯತ್ನವಿಲ್ಲದೆ ಮುಚ್ಚಿದರೆ ಗಾಯವನ್ನು ತೊಳೆಯದೆ ಪಟ್ಟಿ ಕಟ್ಟಿದಂತೆ. ಹಾಗೆಂದು ದೋಷ ಕಂಡಲ್ಲೆಲ್ಲ ಕರಪತ್ರ ಹಂಚುವುದೂ ಮಾರ್ಗವಲ್ಲ. ಪರರ ದೋಷಕ್ಕೆ ಅತಿ ಭಾರವಾದ ಪದ, ನಮ್ಮ ದೋಷಕ್ಕೆ ಅತಿ ಹಗುರವಾದ ಪದ ಎಂಬ ರೂಢಿ ನಮ್ಮಲ್ಲಿ ಬೆಳೆದಿದೆ. ಉಳಿದವನು ಮಾಡಿದರೆ ವಂಚನೆ, ನಾವು ಮಾಡಿದರೆ ಹೊಂದಾಣಿಕೆ. ರತ್ನಕರಂಡಕದಲ್ಲಿ ಪರಿವಾದ, ಪೈಶುನ್ಯಗಳನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಇಂಥ ಉತ್ಸಾಹಿಗಳಿಗಾಗಿಯೇ. ಲೆಕ್ಕ ಕೇಳುವುದು ಬೇರೆ, ಚಾಡಿ ಹೇಳುವುದು ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಕರೆದಾಗ ಲೆಕ್ಕ ಕೇಳಬೇಕಾದವರು ಸುಮ್ಮನಾಗುತ್ತಾರೆ, ಚಾಡಿಕೋರರು ಮಾತ್ರ ಉಳಿಯುತ್ತಾರೆ.

ಕ್ಷಮಾವಾಣಿಯ ಭಾಷೆ

ಈ ಮೂರು ಪದಗಳ ದುರ್ಬಳಕೆ ಒಂದೆಡೆ ಸೇರುವುದು ಕ್ಷಮಾವಾಣಿಯಂದು. ದಶಲಕ್ಷಣ ಪರ್ವ ಮುಗಿದ ಮೇಲೆ 'ತಿಳಿದೋ ತಿಳಿಯದೆಯೋ ಏನಾದರೂ ತಪ್ಪಾಗಿದ್ದರೆ' ಎಂಬ ಸಂದೇಶ ಹಿಂದೆ ಅಚ್ಚಿನ ಕಾರ್ಡಿನಲ್ಲಿ ಬರುತ್ತಿತ್ತು, ಈಗ ಮೊಬೈಲಿನಲ್ಲಿ ನೂರಾರು ಜನರಿಗೆ ಏಕಕಾಲದಲ್ಲಿ ಹೋಗುತ್ತದೆ. ಸೂತ್ರಕಾರರು ಬೇರ್ಪಡಿಸಿದ ಜ್ಞಾತ, ಅಜ್ಞಾತಗಳನ್ನು ಆ ಮಾತು ಕೂಡಿಸಿಬಿಡುತ್ತದೆ. 'ಏನಾದರೂ' ಎಂಬಲ್ಲಿ ಕೃತ್ಯದ ಹೆಸರಿಲ್ಲ, 'ಆಗಿದ್ದರೆ' ಎಂಬಲ್ಲಿ ಕೃತ್ಯವೇ ನಿಶ್ಚಿತವಿಲ್ಲ.

ಬಿ.ಕಾಂ. ತರಗತಿಯ ಲೆಕ್ಕಶಾಸ್ತ್ರದಲ್ಲಿ ಸಸ್ಪೆನ್ಸ್ ಖಾತೆಯೆಂಬುದೊಂದಿದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ವ್ಯತ್ಯಾಸದ ಮೊತ್ತವನ್ನು ತಾತ್ಕಾಲಿಕವಾಗಿ ಅದರಲ್ಲಿ ಇಡುತ್ತಾರೆ. ತಪ್ಪು ಸಿಕ್ಕಿದಂತೆಲ್ಲ ಅದನ್ನು ಸರಿಯಾದ ಖಾತೆಗೆ ವರ್ಗಾಯಿಸಿ ಸಸ್ಪೆನ್ಸ್ ಖಾತೆಯನ್ನು ಮುಚ್ಚಬೇಕು. ವರ್ಷ ವರ್ಷವೂ ಅದನ್ನು ಹಾಗೆಯೇ ಮುಂದಕ್ಕೊಯ್ದರೆ ಲೆಕ್ಕ ಪರಿಶೋಧಕರು ಒಪ್ಪುವುದಿಲ್ಲ. 'ತಿಳಿದೋ ತಿಳಿಯದೆಯೋ' ಎಂಬುದು ನಮ್ಮ ಸಸ್ಪೆನ್ಸ್ ಖಾತೆ. ಅರಿಯದೆ ಆದ ಎಷ್ಟೋ ಹಿಂಸೆಗಳಿಗೆ ಅದು ಬೇಕೇ ಬೇಕು. ಸೂಕ್ಷ್ಮಜೀವಿಗಳೆಲ್ಲವನ್ನೂ ಹೆಸರಿಸಲು ಯಾರಿಂದ ಸಾಧ್ಯ? ಆದರೆ ತಿಳಿದೇ ಮಾಡಿದ್ದನ್ನು ಅದರೊಳಗೆ ಸೇರಿಸುವುದು ಸಲ್ಲದು.

ಭಗವತೀ ಆರಾಧನೆಯಲ್ಲಿ ಬರುವ ಆಲೋಚನೆಯ 10 ದೋಷಗಳಲ್ಲಿ ಕೆಲವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಇತರರು ಕಂಡ ದೋಷವನ್ನಷ್ಟೇ ಹೇಳುವುದು ದೃಷ್ಟ. ಚಿಕ್ಕದನ್ನು ಹೇಳಿ ದೊಡ್ಡದನ್ನು ಬಚ್ಚಿಡುವುದು ಸೂಕ್ಷ್ಮ. ಗದ್ದಲದ ನಡುವೆ, ಗುರುಗಳ ಕಿವಿಗೆ ಸರಿಯಾಗಿ ಬೀಳದಂತೆ ಹೇಳುವುದು ಶಬ್ದಾಕುಲಿತ. ಒಂದೇ ಸಂದೇಶವನ್ನು ನೂರು ಜನರಿಗೆ ಕಳುಹಿಸುವ ನಮ್ಮ ಕ್ಷಮಾಯಾಚನೆ ಶಬ್ದಾಕುಲಿತದ ಹೊಸ ರೂಪವಲ್ಲದೆ ಮತ್ತೇನು? ಆ ನೂರರಲ್ಲಿ ನಾವು ನಿಜವಾಗಿ ನೋಯಿಸಿದ ಒಬ್ಬನು ಇದ್ದರೂ ಇರಬಹುದು. ತನಗೇ ಹೇಳಿದ ಮಾತಿದು ಎಂದು ಅವನಿಗೆ ತಿಳಿಯುವುದಾದರೂ ಹೇಗೆ?

ಧರ್ಮಬಂಧುಗಳು ಕಾರ್ಯರೂಪಕ್ಕೆ ತರಬಹುದಾದ ಮೂರು ಸಲಹೆಗಳನ್ನು ಇಲ್ಲಿ ಮಂಡಿಸಬಯಸುತ್ತೇನೆ. ಪಾಠಶಾಲೆಗಳಲ್ಲಿ ಅತಿಚಾರಗಳನ್ನು ಬಾಯಿಪಾಠ ಮಾಡಿಸುವಾಗ ಪ್ರತಿಯೊಂದರ ಪಕ್ಕದಲ್ಲಿ ಅಂಗಡಿ, ಕಚೇರಿ, ಮನೆಗಳಲ್ಲಿ ಅದಕ್ಕೆ ಇರುವ ಇಂದಿನ ಹೆಸರನ್ನೂ ಮಕ್ಕಳಿಂದಲೇ ಬರೆಯಿಸಬೇಕು. ಕ್ಷಮಾವಾಣಿಯಂದು ಸಾಮೂಹಿಕ ಸಂದೇಶ ಕಳುಹಿಸುವವರು ಕಳುಹಿಸಲಿ. ಜೊತೆಗೆ ಒಬ್ಬರ ಮನೆಗಾದರೂ ಹೋಗಿ, ಮಾಡಿದ ಒಂದು ಕೃತ್ಯವನ್ನು ಅದರ ಹೆಸರಿನಿಂದಲೇ ಕರೆದು ಕ್ಷಮೆ ಕೇಳಬೇಕು. ಮೂರನೆಯದಾಗಿ, ಪ್ರತಿಯೊಂದು ಬಸದಿಯ ಆಡಳಿತ ಮಂಡಳಿಯೂ ತನ್ನಲ್ಲಿರುವ ದತ್ತಿಗಳ ಪಟ್ಟಿಯನ್ನು ದಾನಿಯ ಹೆಸರು, ಮೊತ್ತ, ಉದ್ದೇಶ ಮತ್ತು ಆ ವರ್ಷ ನಡೆದ ಸೇವೆಯ ವಿವರಗಳೊಂದಿಗೆ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಬೇಕು. ಬಡ್ಡಿ ಸಾಲದೆ ನಿಂತುಹೋದ ಪೂಜೆಯಿದ್ದರೆ ಹಾಗೆಂದೇ ಬರೆಯಬೇಕು. ಅದರಲ್ಲಿ ಅವಮಾನವೇನಿಲ್ಲ. ದಾನಿಯ ಮೊಮ್ಮಕ್ಕಳು ಅದನ್ನು ಓದಿ ಮೂಲಧನಕ್ಕೆ ಮತ್ತಷ್ಟು ಸೇರಿಸಲೂಬಹುದು.

ಈ ಪಟ್ಟಿಗಾಗಿ ಹಣ ಬೇಕಾಗಿಲ್ಲ, ಹೊಸ ನಿಯಮವೂ ಬೇಕಾಗಿಲ್ಲ. ಹಳೆಯ ದತ್ತಿ ಪುಸ್ತಕವನ್ನು ಕಪಾಟಿನಿಂದ ಹೊರತೆಗೆದು ನಾಲ್ಕು ಜನ ಕುಳಿತು ಓದಿದರೆ ಸಾಕು. ಬರುವ ಭಾದ್ರಪದದೊಳಗೆ ಆ ಕೆಲಸ ಆಗಲೆಂದು ಎಲ್ಲ ಆಡಳಿತ ಮಂಡಳಿಗಳಲ್ಲಿ ಸವಿನಯ ಪ್ರಾರ್ಥನೆ.